ಅಧಿಕ ಸಾಮರ್ಥ್ಯದ ಸವೆತ ನಿರೋಧಕ ಉಕ್ಕಿನ ವೆಲ್ಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಟಿಪ್ಪರ್‌ನ ತೊಟ್ಟಿ, ಎಕ್ಸ್‌ಕವೇಟರ್‌ನ ಬಕೆಟ್, ಕ್ರಷರ್‌ನ ಒಳಹಾಸು, ಅದಿರು ಜಾರಿ ಬೀಳುವ ಶೂಟ್ ಮುಂತಾದ ಕಡೆ ಬಳಸುವ ಗಡಸು ಉಕ್ಕಿನ ಪ್ಲೇಟುಗಳನ್ನು ಬೆಸೆಯುವವರು, ಆ ಕೆಲಸದ ವಿಧಾನಪತ್ರ ಸಿದ್ಧಪಡಿಸುವವರು ಮತ್ತು ತಪಾಸಣೆ ನಡೆಸುವವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ. ಇಲ್ಲಿನ ಅಂಕಿಗಳು ಲೆಕ್ಕದ ದಿಕ್ಕನ್ನು ತೋರಿಸುತ್ತವೆ. ಕೈಯಲ್ಲಿರುವ ಪ್ಲೇಟಿನ ಮಟ್ಟಿಗೆ ಅದರ ತಯಾರಕರು ಕೊಡುವ ಸೂಚನೆಯೇ ಅಂತಿಮ.

ಸವೆತ ನಿರೋಧಕ ಉಕ್ಕು ಸಾಮಾನ್ಯ ಉಕ್ಕಿಗಿಂತ ಹೇಗೆ ಭಿನ್ನ?

ಇದು ಕಡಿಮೆ ಮಿಶ್ರಧಾತುಗಳುಳ್ಳ ಉಕ್ಕು. ಇಂಗಾಲ, ಮ್ಯಾಂಗನೀಸ್, ಕ್ರೋಮಿಯಂ, ಮಾಲಿಬ್ಡಿನಮ್, ನಿಕಲ್ ಮತ್ತು ಅತ್ಯಲ್ಪ ಪ್ರಮಾಣದ ಬೋರಾನ್ ಇದರಲ್ಲಿರುತ್ತವೆ. ಉರುಳೆಗಳ ನಡುವೆ ಹಾಯಿಸಿದ ಪ್ಲೇಟನ್ನು ಸುಮಾರು 900 ಡಿಗ್ರಿಯಿಂದ ನೀರಿನಲ್ಲಿ ಥಟ್ಟನೆ ತಣಿಸಿದಾಗ ಒಳರಚನೆ ಮಾರ್ಟೆನ್ಸೈಟ್ ಎಂಬ ಗಡಸು ರಚನೆಯಾಗಿ ಮಾರ್ಪಟ್ಟು ಗಡಸುತನ ಬರುತ್ತದೆ. 400, 450, 500, 600 ಎಂಬ ದರ್ಜೆಗಳು ಬ್ರಿನೆಲ್ ಗಡಸುತನವನ್ನು, ಅಂದರೆ ಗುಂಡನ್ನು ಒತ್ತಿ ಮೂಡಿದ ಗುಳಿಯಿಂದ ಅಳೆದ ಗಡಸುತನವನ್ನು ಸೂಚಿಸುತ್ತವೆ. 400ರ ದರ್ಜೆಯ ಪ್ಲೇಟಿನ ಯೀಲ್ಡ್ ಸಾಮರ್ಥ್ಯ, ಅಂದರೆ ಲೋಹ ಶಾಶ್ವತವಾಗಿ ಹಿಗ್ಗತೊಡಗುವ ಒತ್ತಡ, ಸುಮಾರು 1000 ಮೆಗಾಪಾಸ್ಕಲ್, ಎಳೆತದ ಸಾಮರ್ಥ್ಯ ಸುಮಾರು 1250 ಮೆಗಾಪಾಸ್ಕಲ್. ಕಟ್ಟಡಗಳಿಗೆ ಬಳಸುವ ಮೈಲ್ಡ್ ಸ್ಟೀಲ್‌ನ ಯೀಲ್ಡ್ 250ರ ಆಸುಪಾಸಿನಲ್ಲಿರುತ್ತದೆ.

ವೆಲ್ಡಿಂಗ್ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿಯೆಂದರೆ, ಈ ಗಡಸುತನ ರಾಸಾಯನಿಕ ಸಂಯೋಜನೆಯಿಂದಷ್ಟೇ ಬಂದದ್ದಲ್ಲ, ತಣಿಸಿದ ಕ್ರಮದಿಂದ ಬಂದದ್ದು. ಆರ್ಕ್‌ನ (ವೆಲ್ಡಿಂಗ್‌ನ ವಿದ್ಯುತ್ ಕಿಡಿಯ) ಶಾಖ ತಗುಲಿದಲ್ಲೆಲ್ಲ ಆ ಉಪಚಾರ ಅಳಿಸಿಹೋಗಿ, ಕಾರ್ಖಾನೆಯ ನೀರಿನ ತೊಟ್ಟಿಯ ನಿಯಂತ್ರಣವಿಲ್ಲದೆ ಹೊಸದೊಂದು ಉಪಚಾರ ನಡೆಯುತ್ತದೆ. ಮುಂದಿನ ಉತ್ತರಗಳಲ್ಲಿ ಬರುವ ಬಹುತೇಕ ತೊಂದರೆಗಳ ಮೂಲ ಇಲ್ಲಿದೆ: ವೆಲ್ಡ್ ಬೇಗ ತಣಿದರೆ ಬಿರುಕಿನ ಭಯ, ನಿಧಾನವಾಗಿ ತಣಿದರೆ ಮೃದುವಾಗುವ ಭಯ.

ಪ್ಲೇಟಿನ ಮೇಲೆ 400 ಎಂದು ಮುದ್ರಿತವಾಗಿದ್ದರೆ ವೆಲ್ಡಿಂಗ್ ವಿಧಾನ ನಿರ್ಧರಿಸಲು ಅಷ್ಟು ಸಾಕೇ?

ಸಾಲದು. ಒಂದೇ ಗಡಸುತನವನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಸಂಯೋಜನೆಗಳಿಂದ ಸಾಧಿಸುತ್ತಾರೆ. ಒಬ್ಬರ ಪ್ಲೇಟಿನಲ್ಲಿ ಇಂಗಾಲ ಕಡಿಮೆಯಿದ್ದು ತಣಿಸುವಿಕೆ ಚುರುಕಾಗಿರಬಹುದು, ಇನ್ನೊಬ್ಬರ ಪ್ಲೇಟಿನಲ್ಲಿ ಇಂಗಾಲವೇ ಹೆಚ್ಚಿರಬಹುದು. ಒಂದೇ ತಯಾರಕರ ಒಂದೇ ದರ್ಜೆಯಲ್ಲೂ ದಪ್ಪ ಹೆಚ್ಚಿದಂತೆ ಮಿಶ್ರಧಾತುಗಳ ಪ್ರಮಾಣ ಹೆಚ್ಚುವುದುಂಟು, ಏಕೆಂದರೆ ದಪ್ಪ ಪ್ಲೇಟಿನ ನಡುಭಾಗದವರೆಗೂ ಮಾರ್ಟೆನ್ಸೈಟ್ ಮೂಡಬೇಕು. ಆದ್ದರಿಂದ ಮಿಲ್ ಪ್ರಮಾಣಪತ್ರದಲ್ಲಿರುವ ಸಂಯೋಜನೆಯನ್ನು ಓದಿ ಇಂಗಾಲ ಸಮಾನಾಂಕ, ಅಂದರೆ ಎಲ್ಲ ಧಾತುಗಳ ಗಡಸಾಗಿಸುವ ಪ್ರಭಾವವನ್ನು ಇಂಗಾಲದ ಲೆಕ್ಕಕ್ಕೆ ತಂದ ಅಂಕಿಯನ್ನು ಲೆಕ್ಕ ಹಾಕಬೇಕು.

ಎರಡು ಸೂತ್ರಗಳು ಹೆಚ್ಚು ಬಳಕೆಯಲ್ಲಿವೆ. ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆಯ ಹಳೆಯ ಸೂತ್ರ, ಅಂದರೆ ಸಿಇ ಹೀಗಿದೆ: ಇಂಗಾಲ + ಮ್ಯಾಂಗನೀಸ್/6 + (ಕ್ರೋಮಿಯಂ + ಮಾಲಿಬ್ಡಿನಮ್ + ವೆನೇಡಿಯಂ)/5 + (ನಿಕಲ್ + ತಾಮ್ರ)/15. ಇನ್ನೊಂದು ಸಿಇಟಿ: ಇಂಗಾಲ + (ಮ್ಯಾಂಗನೀಸ್ + ಮಾಲಿಬ್ಡಿನಮ್)/10 + (ಕ್ರೋಮಿಯಂ + ತಾಮ್ರ)/20 + ನಿಕಲ್/40. ಇಂಗಾಲ 0.16, ಮ್ಯಾಂಗನೀಸ್ 1.30, ಕ್ರೋಮಿಯಂ 0.40, ಮಾಲಿಬ್ಡಿನಮ್ 0.15, ನಿಕಲ್ 0.20 ಶೇಕಡಾ ಇರುವ ಪ್ಲೇಟೊಂದನ್ನು ತೆಗೆದುಕೊಂಡರೆ ಸಿಇ 0.50 ಎಂದೂ ಸಿಇಟಿ 0.33 ಎಂದೂ ಬರುತ್ತದೆ. ಸಿಇಟಿಯಲ್ಲಿ ಇಂಗಾಲದ ತೂಕ ಹೆಚ್ಚು, ಉಳಿದ ಧಾತುಗಳ ತೂಕ ಕಡಿಮೆ. ಬಿರುಕಿನ ಭಯವನ್ನು ಅಳೆಯುವಾಗ ಈ ಜಾತಿಯ ಉಕ್ಕಿಗೆ ಸಿಇಟಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾವ ಸೂತ್ರ ಬಳಸಿದರೂ ಒಂದರ ಅಂಕಿಯನ್ನು ಇನ್ನೊಂದರ ಕೋಷ್ಟಕಕ್ಕೆ ಒಯ್ಯಬಾರದು. ಈ ತಪ್ಪು ಊಹಿಸುವುದಕ್ಕಿಂತ ಹೆಚ್ಚಾಗಿ ನಡೆಯುತ್ತದೆ.

ವೆಲ್ಡ್ ಮಾಡಿದ ದಿನ ಸರಿಯಾಗಿದ್ದ ಜೋಡಣೆಯಲ್ಲಿ ಮರುದಿನ ಬಿರುಕು ಕಾಣಿಸುವುದೇಕೆ?

ಅದು ಹೈಡ್ರೋಜನ್ ಬಿರುಕು. ತಣ್ಣನೆಯ ಬಿರುಕು ಎಂದೂ ತಡವಾದ ಬಿರುಕು ಎಂದೂ ಕರೆಯುತ್ತಾರೆ. ಇದಕ್ಕೆ ಮೂರು ಕಾರಣಗಳು ಒಟ್ಟಿಗೆ ಕೂಡಬೇಕು: ಲೋಹದೊಳಗೆ ಸೇರಿದ ಹೈಡ್ರೋಜನ್, ಬಿರುಕಿಗೆ ಈಡಾಗುವ ಗಡಸು ಒಳರಚನೆ ಮತ್ತು ಎಳೆಯುವ ಒತ್ತಡ. ಮೂರರಲ್ಲಿ ಒಂದನ್ನು ಸಾಕಷ್ಟು ತಗ್ಗಿಸಿದರೂ ಬಿರುಕು ಬರದು.

ಎಲೆಕ್ಟ್ರೋಡಿನ (ವೆಲ್ಡಿಂಗ್ ಕಡ್ಡಿಯ) ಲೇಪನದಲ್ಲಿರುವ ತೇವ, ಪ್ಲೇಟಿನ ಮೇಲಿನ ತುಕ್ಕು, ಎಣ್ಣೆ, ಬಣ್ಣ, ಗಾಳಿಯಲ್ಲಿರುವ ಆವಿ ಇವೆಲ್ಲ ಆರ್ಕ್‌ನ ಶಾಖದಲ್ಲಿ ಒಡೆದು ಹೈಡ್ರೋಜನ್ ಪರಮಾಣುಗಳನ್ನು ಕರಗಿದ ಲೋಹಕ್ಕೆ ಬಿಡುತ್ತವೆ. ವೆಲ್ಡ್ ಲೋಹದಲ್ಲಿ ಇಂಗಾಲ ಕಡಿಮೆಯಿರುವುದರಿಂದ ತಣಿಯುವಾಗ ಅದು ಪ್ಲೇಟಿಗಿಂತ ಮೊದಲೇ ಆಸ್ಟೆನೈಟ್ ಸ್ಥಿತಿಯನ್ನು (ಉಕ್ಕು ತೀರಾ ಬಿಸಿಯಾಗಿದ್ದಾಗಿನ ರಚನೆಯನ್ನು) ಬಿಡುತ್ತದೆ. ಆಸ್ಟೆನೈಟ್ ಹೆಚ್ಚು ಹೈಡ್ರೋಜನ್ ಹಿಡಿದಿಡಬಲ್ಲದು, ಆದರೆ ಅದರ ನಂತರ ಬರುವ ರಚನೆಗೆ ಆ ಶಕ್ತಿಯಿಲ್ಲ. ಹಾಗಾಗಿ ಹೊರದೂಡಿದ ಹೈಡ್ರೋಜನ್ ಇನ್ನೂ ಆಸ್ಟೆನೈಟ್ ಆಗಿರುವ ಪಕ್ಕದ ಶಾಖಬಾಧಿತ ವಲಯಕ್ಕೆ, ಅಂದರೆ ಕರಗದೆ ಕಾದ ಪ್ಲೇಟಿನ ಪಟ್ಟಿಗೆ ಸರಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ವಲಯವೂ ಗಡಸು ಮಾರ್ಟೆನ್ಸೈಟ್ ಆದಾಗ ಹೈಡ್ರೋಜನ್ ಅಲ್ಲೇ ಸಿಕ್ಕಿಬೀಳುತ್ತದೆ. ಕೋಣೆಯ ತಾಪಮಾನದಲ್ಲೂ ಅದು ನಿಧಾನವಾಗಿ ಚಲಿಸಿ, ಒತ್ತಡ ಕೇಂದ್ರೀಕೃತವಾದ ವೆಲ್ಡ್‌ನ ಟೋ (ಮೇಲ್ಮೈಯ ಅಂಚು) ಅಥವಾ ರೂಟ್ (ತಳ) ಬಳಿ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳಲು ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕಾಗುವುದರಿಂದ ಬಿರುಕು ತಡವಾಗಿ ಕಾಣಿಸುತ್ತದೆ. ಬೀಡಿನ (ಒಂದು ಸಲಕ್ಕೆ ಎಳೆದ ವೆಲ್ಡ್ ಸಾಲಿನ) ಅಡಿಯಲ್ಲಿ ಹುಟ್ಟಿದ ಬಿರುಕು ಮೇಲ್ಮೈಗೆ ಬರದೆಯೇ ಉಳಿಯುವುದೂ ಉಂಟು.

ಪ್ರೀಹೀಟ್ ಎಷ್ಟು ಡಿಗ್ರಿ ಇರಬೇಕು?

ಪ್ರೀಹೀಟ್ ಎಂದರೆ ವೆಲ್ಡ್ ಬೇಗ ತಣಿಯದಂತೆ ಪ್ಲೇಟನ್ನು ಮೊದಲೇ ಬಿಸಿ ಮಾಡುವುದು. ಅದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ಸಂಯೋಜನೆ, ದಪ್ಪ, ಹೈಡ್ರೋಜನ್ ಮತ್ತು ವೆಲ್ಡಿಂಗ್‌ನಲ್ಲಿ ಒದಗುವ ಶಾಖ (ಶಾಖಪೂರಣ), ಈ ನಾಲ್ಕೂ ಸೇರಿ ಅದನ್ನು ನಿರ್ಧರಿಸುತ್ತವೆ. ಇಎನ್ 1011-2 ಎಂಬ ಯುರೋಪಿಯನ್ ಮಾನದಂಡದಲ್ಲಿರುವ ಬಿ ವಿಧಾನ ನಾಲ್ಕನ್ನೂ ಒಂದೇ ಸೂತ್ರದಲ್ಲಿ ಹಿಡಿದಿಡುತ್ತದೆ:

ಪ್ರೀಹೀಟ್ ತಾಪಮಾನ = 697 × ಸಿಇಟಿ + 160 × ಟ್ಯಾನ್‌ಎಚ್ (ದಪ್ಪ/35) + 62 × ಹೈಡ್ರೋಜನ್‌ನ 0.35ನೇ ಘಾತ + (53 × ಸಿಇಟಿ − 32) × ಶಾಖಪೂರಣ − 328

ಇಲ್ಲಿ ಟ್ಯಾನ್‌ಎಚ್ ಎಂಬುದು ಕ್ಯಾಲ್ಕುಲೇಟರಿನಲ್ಲಿ ಸಿಗುವ ಹೈಪರ್ಬಾಲಿಕ್ ಟ್ಯಾಂಜೆಂಟ್; ದಪ್ಪ ಮಿಲಿಮೀಟರ್‌ಗಳಲ್ಲಿ, ಹೈಡ್ರೋಜನ್ 100 ಗ್ರಾಂ ವೆಲ್ಡ್ ಲೋಹಕ್ಕೆ ಮಿಲಿಲೀಟರ್‌ಗಳಲ್ಲಿ, ಶಾಖಪೂರಣ ಪ್ರತಿ ಮಿಲಿಮೀಟರಿಗೆ ಕಿಲೋಜೂಲ್‌ಗಳಲ್ಲಿ ಇರಬೇಕು. ಮೇಲಿನ ಸಿಇಟಿ 0.33ರ ಪ್ಲೇಟು 20 ಮಿಮೀ ದಪ್ಪವಿದ್ದು, ಹೈಡ್ರೋಜನ್ 5, ಶಾಖಪೂರಣ 1.5 ಎಂದಿಟ್ಟುಕೊಂಡರೆ 72 ಡಿಗ್ರಿ ಬರುತ್ತದೆ. ಉಳಿದದ್ದನ್ನು ಹಾಗೇ ಇಟ್ಟು ಹೈಡ್ರೋಜನ್ ಮಾತ್ರ 10ಕ್ಕೆ ಏರಿದರೆ 102 ಡಿಗ್ರಿ. ಹೈಡ್ರೋಜನ್ 5ರಲ್ಲೇ ಇದ್ದು ದಪ್ಪ 40 ಮಿಮೀ ಆದರೆ 120 ಡಿಗ್ರಿ. ದಪ್ಪ, ಹೈಡ್ರೋಜನ್ ಎರಡೂ ಏರಿದರೆ ಸುಮಾರು 150 ಡಿಗ್ರಿ. ಎಲೆಕ್ಟ್ರೋಡ್ ಒಣಗಿಸುವುದರಲ್ಲಿ ತೋರಿದ ಉದಾಸೀನಕ್ಕೆ 30 ಡಿಗ್ರಿ ಪ್ರೀಹೀಟ್ ಬೆಲೆ ತೆರಬೇಕಾಗುತ್ತದೆ ಎಂದು ಈ ಲೆಕ್ಕವೇ ಹೇಳುತ್ತದೆ.

ಈ ಸೂತ್ರ 1000 ಮೆಗಾಪಾಸ್ಕಲ್ ಯೀಲ್ಡ್‌ವರೆಗಿನ ಉಕ್ಕುಗಳನ್ನು ಗಮನದಲ್ಲಿಟ್ಟು ರೂಪಿಸಿದ್ದು. 450ಕ್ಕಿಂತ ಮೇಲಿನ ದರ್ಜೆಗಳಿಗೆ ತಯಾರಕರ ಕೋಷ್ಟಕವನ್ನೇ ನಂಬಬೇಕು; 600ರ ದರ್ಜೆಯಲ್ಲಿ ತೆಳು ಪ್ಲೇಟಿಗೂ ಪ್ರೀಹೀಟ್ ಬೇಕೆಂದೇ ಭಾವಿಸಿ ಹೊರಡುವುದು ಕ್ಷೇಮ. ಬೇರೆ ಬೇರೆ ದರ್ಜೆಯ ಎರಡು ಪ್ಲೇಟುಗಳನ್ನು ಕೂಡಿಸುವಾಗ ಹೆಚ್ಚು ತಾಪ ಬೇಡುವ ಪ್ಲೇಟಿನ ಅಂಕಿಯೇ ಎರಡಕ್ಕೂ ಅನ್ವಯಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಥವಾ ಹೊರಗಿನ ತಾಪಮಾನ 5 ಡಿಗ್ರಿಗಿಂತ ಕಡಿಮೆಯಿದ್ದರೆ ಇನ್ನೂ 25 ಡಿಗ್ರಿ ಸೇರಿಸುವುದು ರೂಢಿ.

ಪ್ರೀಹೀಟ್ ಮಾಡುವ ಮತ್ತು ಅಳೆಯುವ ಸರಿಯಾದ ಕ್ರಮ ಯಾವುದು?

ಜೋಡಣೆಯ ಎರಡೂ ಬದಿಯಲ್ಲಿ ಕನಿಷ್ಠ 75 ಮಿಮೀ ಅಗಲಕ್ಕೆ ಪ್ಲೇಟಿನ ಇಡೀ ದಪ್ಪ ಬಿಸಿಯಾಗಬೇಕು. ವಿದ್ಯುತ್ ಹೀಟಿಂಗ್ ಪ್ಯಾಡುಗಳು ಇದ್ದರೆ ಒಳ್ಳೆಯದು. ಗ್ಯಾಸ್ ಬರ್ನರ್ ಆದರೆ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಬಾರದು. ಅಳತೆಯನ್ನು ಸಾಧ್ಯವಿದ್ದಲ್ಲಿ ಬಿಸಿ ಮಾಡಿದ ಮುಖದ ಹಿಂಬದಿಯಲ್ಲಿ ತೆಗೆದುಕೊಳ್ಳಬೇಕು. ಅದು ಆಗದಿದ್ದರೆ ಜ್ವಾಲೆ ತೆಗೆದ ಮೇಲೆ ಪ್ರತಿ 25 ಮಿಮೀ ದಪ್ಪಕ್ಕೆ 2 ನಿಮಿಷ ಕಾದು ಅಳೆಯಬೇಕು. ಮೇಲ್ಮೈ ಬಿಸಿಯಾದೊಡನೆ ತಾಪ ಸೂಚಿಸುವ ಬಳಪದ ಗುರುತು ಕರಗಿತೆಂದು ಕೆಲಸ ಆರಂಭಿಸಿದರೆ ಒಳಗಿನ ಲೋಹ ಇನ್ನೂ ತಣ್ಣಗೇ ಇರುತ್ತದೆ.

ತುಂಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಟ್ಯಾಕ್ ವೆಲ್ಡಿಗೂ ಇದೇ ಪ್ರೀಹೀಟ್ ಬೇಕು. ಟ್ಯಾಕ್ ಚಿಕ್ಕದಾದ್ದರಿಂದ ಸುತ್ತಲಿನ ತಣ್ಣನೆಯ ಲೋಹ ಅದರ ಶಾಖವನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ, ಹಾಗಾಗಿ ಬಿರುಕಿನ ಭಯ ಇಲ್ಲಿಯೇ ಅತಿ ಹೆಚ್ಚು. ತೀರಾ ತೆಳು ಪ್ಲೇಟುಗಳನ್ನು ಬಿಟ್ಟರೆ ಟ್ಯಾಕ್ 50 ಮಿಮೀ ಉದ್ದಕ್ಕಿಂತ ಕಡಿಮೆ ಇರಬಾರದು.

ಪ್ರೀಹೀಟ್ ಒಳ್ಳೆಯದಾದರೆ ಇನ್ನೂ ಹೆಚ್ಚು ಬಿಸಿ ಮಾಡಿದರೆ ಆಗದೇ?

ಆಗದು. ಬಹುತೇಕ ಸವೆತ ನಿರೋಧಕ ಪ್ಲೇಟುಗಳು ಸುಮಾರು 250 ಡಿಗ್ರಿ ದಾಟಿದರೆ ಗಡಸುತನ ಕಳೆದುಕೊಳ್ಳಲು ತೊಡಗುತ್ತವೆ. ಹಾಗಾಗಿ ಪಾಸುಗಳ (ಒಂದಾದ ಮೇಲೊಂದು ಎಳೆಯುವ ವೆಲ್ಡ್ ಸುತ್ತುಗಳ) ನಡುವಿನ ತಾಪಮಾನಕ್ಕೆ 200ರಿಂದ 225 ಡಿಗ್ರಿಯ ಮಿತಿ ಹಾಕುವುದು ವಾಡಿಕೆ. ದಪ್ಪ ಪ್ಲೇಟಿನಲ್ಲಿ ಕೆಳಗಿನ ಮಿತಿಯನ್ನು, ಅಂದರೆ ಪ್ರೀಹೀಟನ್ನು ಕಾಯ್ದುಕೊಳ್ಳುವುದು ಕಷ್ಟ. ಚಿಕ್ಕ ಬಿಡಿಭಾಗಗಳಲ್ಲಿ ಮೇಲಿನ ಮಿತಿ ಕೈಮೀರುತ್ತದೆ, ಏಕೆಂದರೆ ಶಾಖ ಹರಿದುಹೋಗಲು ಜಾಗವಿಲ್ಲ. ಬಕೆಟ್‌ನ ಹಲ್ಲಿನಂಥ ಭಾಗಕ್ಕೆ ನಾಲ್ಕಾರು ಪಾಸುಗಳನ್ನು ಬಿಡುವಿಲ್ಲದೆ ಹಾಕಿದರೆ ಇಡೀ ತುಂಡೇ ಮೆತ್ತಗಾಗಬಹುದು.

ಶಾಖಪೂರಣವನ್ನು ಹೇಗೆ ಲೆಕ್ಕ ಹಾಕುವುದು? ತಣಿಯುವ ಸಮಯಕ್ಕೂ ಅದಕ್ಕೂ ಏನು ಸಂಬಂಧ?

ವೋಲ್ಟೇಜ್, ಆಂಪಿಯರ್ ಮತ್ತು 60, ಇವುಗಳ ಗುಣಲಬ್ಧವನ್ನು ನಿಮಿಷಕ್ಕೆ ಮಿಲಿಮೀಟರ್ ಲೆಕ್ಕದ ವೇಗದಿಂದ ಭಾಗಿಸಿ, 1000ದಿಂದ ಮತ್ತೆ ಭಾಗಿಸಿ, ಪ್ರಕ್ರಿಯೆಯ ದಕ್ಷತೆಯಿಂದ ಗುಣಿಸಬೇಕು. ದಕ್ಷತೆ ಎಲೆಕ್ಟ್ರೋಡ್ ಮತ್ತು ಮ್ಯಾಗ್ (ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸುವ) ವೆಲ್ಡಿಂಗಿಗೆ 0.8, ಸಬ್‌ಮರ್ಜ್ಡ್ ಆರ್ಕಿಗೆ (ಫ್ಲಕ್ಸ್ ಪುಡಿಯಡಿ ಉರಿಯುವ ಆರ್ಕ್) 1.0, ಟಿಗ್‌ಗೆ (ಕರಗದ ಟಂಗ್‌ಸ್ಟನ್ ಕಡ್ಡಿಯ ಆರ್ಕ್) 0.6. 28 ವೋಲ್ಟ್, 280 ಆಂಪಿಯರ್, ನಿಮಿಷಕ್ಕೆ 250 ಮಿಮೀ ವೇಗದ ಮ್ಯಾಗ್ ವೆಲ್ಡಿಂಗಿನಲ್ಲಿ ಶಾಖಪೂರಣ ಪ್ರತಿ ಮಿಲಿಮೀಟರಿಗೆ 1.5 ಕಿಲೋಜೂಲ್.

ಆದರೆ ಲೋಹ ಅರಿಯುವುದು ಶಾಖಪೂರಣವನ್ನಲ್ಲ, 800ರಿಂದ 500 ಡಿಗ್ರಿಗೆ ಇಳಿಯಲು ತಗಲುವ ಸಮಯವನ್ನು. ಇದನ್ನು ಟಿ 8/5 ಎಂದು ಗುರುತಿಸುತ್ತಾರೆ. ಈ ಅಂತರದಲ್ಲಿಯೇ ಆಸ್ಟೆನೈಟ್ ಮುಂದೆ ಏನಾಗಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಅದೇ 1.5 ಕಿಲೋಜೂಲ್ ಶಾಖವನ್ನು 100 ಡಿಗ್ರಿಗೆ ಪ್ರೀಹೀಟ್ ಮಾಡಿದ 40 ಮಿಮೀ ಪ್ಲೇಟಿನ ಮೇಲೆ ಎಳೆದ ಒಂಟಿ ಬೀಡಿಗೆ ಕೊಟ್ಟರೆ ತಣಿಯುವ ಸಮಯ ಸುಮಾರು 10 ಸೆಕೆಂಡ್ ಬರುತ್ತದೆ. ಪ್ಲೇಟು 10 ಮಿಮೀ ದಪ್ಪದ್ದಾದರೆ ಅದು ಸುಮಾರು 37 ಸೆಕೆಂಡಿಗೆ ಜಿಗಿಯುತ್ತದೆ, ಏಕೆಂದರೆ ತೆಳು ಪ್ಲೇಟಿನಲ್ಲಿ ಶಾಖ ಕೆಳಮುಖವಾಗಿ ಹರಿಯಲಾರದೆ ಪಕ್ಕಕ್ಕೆ ಮಾತ್ರ ಹರಿಯುತ್ತದೆ. 10 ಮಿಮೀ ಪ್ಲೇಟಿನಲ್ಲಿ ಮತ್ತೆ 10 ಸೆಕೆಂಡಿನ ಹತ್ತಿರ ಬರಬೇಕಾದರೆ ಶಾಖಪೂರಣವನ್ನು 0.8ರ ಆಸುಪಾಸಿಗೆ ಇಳಿಸಬೇಕಾಗುತ್ತದೆ. ದಪ್ಪ ಪ್ಲೇಟಿಗೆ ಒಪ್ಪಿದ ಸೆಟ್ಟಿಂಗನ್ನೇ ತೆಳು ಪ್ಲೇಟಿಗೂ ಬಳಸಿ, ಆಮೇಲೆ ಗಡಸುತನ ಏಕೆ ಇಳಿಯಿತೆಂದು ಹುಡುಕುವವರು ಮೊದಲು ಈ ಲೆಕ್ಕವನ್ನು ನೋಡಬೇಕು.

ಅಗಲವಾಗಿ ಓಲಾಡಿಸುವ ಬೀಡಿಗಿಂತ ನೇರವಾಗಿ ಎಳೆದ ಸಣ್ಣ ಬೀಡುಗಳು ಇದೇ ಕಾರಣಕ್ಕೆ ಮೇಲು.

ಪ್ಲೇಟಿನಷ್ಟೇ ಗಡಸಾದ ಫಿಲ್ಲರ್ ಏಕೆ ಬಳಸುವುದಿಲ್ಲ?

ಫಿಲ್ಲರ್ ಎಂದರೆ ಜೋಡಣೆಯನ್ನು ತುಂಬಲು ಕರಗಿಸುವ ಕಡ್ಡಿ ಅಥವಾ ತಂತಿ. ಪ್ಲೇಟಿನ ಯೀಲ್ಡ್ 1000 ಮೆಗಾಪಾಸ್ಕಲ್ ಇರುವಾಗ ಅದಕ್ಕೆ 490 ಮೆಗಾಪಾಸ್ಕಲ್ ಎಳೆತ ಸಾಮರ್ಥ್ಯದ ಇ 7018 ಎಲೆಕ್ಟ್ರೋಡ್ ಶಿಫಾರಸು ಮಾಡಿದರೆ ಹೊಸಬರಿಗೆ ಅನುಮಾನ ಬರುವುದು ಸಹಜ. ಆದರೂ ಅದೇ ಸರಿಯಾದ ಆಯ್ಕೆ. ಮೃದುವಾದ ವೆಲ್ಡ್ ಲೋಹ ಕುಗ್ಗುವಾಗ ತಾನೇ ಸ್ವಲ್ಪ ಹಿಗ್ಗಿ ಕೊಡುವುದರಿಂದ ಜೋಡಣೆಯಲ್ಲಿ ಉಳಿಯುವ ಒತ್ತಡ ಅದರ ಯೀಲ್ಡ್‌ನ ಮಟ್ಟಕ್ಕೆ ಸೀಮಿತವಾಗುತ್ತದೆ. ಹೈಡ್ರೋಜನ್ ಸಹಿಸುವ ಶಕ್ತಿಯೂ ಅದರಲ್ಲಿ ಹೆಚ್ಚು. ಗಡಸು ಫಿಲ್ಲರ್ ಬಳಸಿದರೆ ಉಳಿಕೆಯ ಒತ್ತಡ ಏರಿ, ವೆಲ್ಡ್ ಲೋಹವೇ ಬಿರುಕಿಗೆ ಈಡಾಗುತ್ತದೆ. ಆದ್ದರಿಂದ 500 ಮೆಗಾಪಾಸ್ಕಲ್‌ಗಿಂತ ಕಡಿಮೆ ಯೀಲ್ಡ್‌ನ ಫಿಲ್ಲರ್‌ಗಳನ್ನು, ಅಂದರೆ ಇ 7018 ಎಲೆಕ್ಟ್ರೋಡ್, ಇಆರ್ 70ಎಸ್-6 ತಂತಿ ಮೊದಲಾದವನ್ನು ಆರಿಸುತ್ತಾರೆ. 100 ಗ್ರಾಂ ವೆಲ್ಡ್ ಲೋಹಕ್ಕೆ 5 ಮಿಲಿಲೀಟರಿಗಿಂತ ಹೆಚ್ಚು ಹೈಡ್ರೋಜನ್ ಬಿಡಬಾರದೆಂಬುದು ಎಲ್ಲಕ್ಕೂ ಸಾಮಾನ್ಯ ಷರತ್ತು.

ಜೋಡಣೆಯ ಮೇಲ್ಮೈ ಸವೆತಕ್ಕೆ ನೇರವಾಗಿ ಒಡ್ಡಿಕೊಂಡಿದ್ದರೆ ಇಡೀ ವೆಲ್ಡನ್ನು ಗಡಸಾಗಿಸುವ ಅಗತ್ಯವಿಲ್ಲ. ಒಳಗೆಲ್ಲ ಮೃದು ಫಿಲ್ಲರ್ ತುಂಬಿ ಮೇಲಿನ ಒಂದೆರಡು ಪದರಗಳನ್ನು ಮಾತ್ರ ಗಡಸು ಪದರ ಹಾಕುವ ಹಾರ್ಡ್‌ಫೇಸಿಂಗ್ ತಂತಿಯಿಂದ ಮುಚ್ಚಬಹುದು. ಇಂಥ ಕ್ರೋಮಿಯಂ ಕಾರ್ಬೈಡ್ ಪದರದಲ್ಲಿ ಅಡ್ಡಬಿರುಕುಗಳು ಬೀಳುವುದು ಸಹಜ. ಅವು ಪ್ಲೇಟಿನೊಳಕ್ಕೆ ಇಳಿಯದಂತೆ ನಡುವೆ ಒಂದು ಗಟ್ಟಿಮುಟ್ಟಾದ, ಬಾಗುವ ಗುಣದ ಪದರ ಇರಬೇಕು.

ಸ್ಟೇನ್‌ಲೆಸ್ ಫಿಲ್ಲರ್ ಬಳಸಿದರೆ ಪ್ರೀಹೀಟ್ ಇಲ್ಲದೆ ಕೆಲಸ ಸಾಗುತ್ತದೆಯೇ?

ಹಲವು ಸಂದರ್ಭಗಳಲ್ಲಿ ಸಾಗುತ್ತದೆ. 307 ಅಥವಾ 309 ಜಾತಿಯ ಆಸ್ಟೆನಿಟಿಕ್ ಫಿಲ್ಲರ್ ತಣಿದ ಮೇಲೂ ಆಸ್ಟೆನೈಟ್ ಆಗಿಯೇ ಉಳಿಯುವುದರಿಂದ ಹೈಡ್ರೋಜನನ್ನು ತನ್ನೊಳಗೇ ಹಿಡಿದುಕೊಂಡು ಶಾಖಬಾಧಿತ ವಲಯಕ್ಕೆ ಬಿಡುವುದಿಲ್ಲ. ಅದು ಚೆನ್ನಾಗಿ ಹಿಗ್ಗುವುದರಿಂದ ಒತ್ತಡವೂ ಇಳಿಯುತ್ತದೆ. ದುರಸ್ತಿಯ ಸ್ಥಳದಲ್ಲಿ ಬಿಸಿ ಮಾಡುವ ಅನುಕೂಲ ಇಲ್ಲದಿದ್ದಾಗ ಇದು ನಿಜಕ್ಕೂ ಕೈಹಿಡಿಯುವ ಮಾರ್ಗ. ಎರಡರಲ್ಲಿ 307ನ್ನು ಮೊದಲು ಆರಿಸುವುದು ಒಳ್ಳೆಯದು, ಏಕೆಂದರೆ ಅದರಲ್ಲಿರುವ ಮ್ಯಾಂಗನೀಸ್ ಬಿಸಿ ಬಿರುಕನ್ನು (ಲೋಹ ಹೆಪ್ಪುಗಟ್ಟುವಾಗ ಬೀಳುವ ಬಿರುಕನ್ನು) ತಡೆಯಲು ನೆರವಾಗುತ್ತದೆ. ಅತಿ ಗಡಸು ದರ್ಜೆಗಳಲ್ಲಿ ಮತ್ತು ಹೆಚ್ಚು ದಪ್ಪದಲ್ಲಿ ಸ್ಟೇನ್‌ಲೆಸ್ ಫಿಲ್ಲರ್ ಬಳಸಿದರೂ ಪ್ರೀಹೀಟ್ ಬೇಕಾಗಬಹುದು.

ಇದರ ಬೆಲೆಯೂ ಇದೆ. ಆಸ್ಟೆನಿಟಿಕ್ ಲೋಹ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ತುಂಡುಗಳು ತಿರುಚಿಕೊಳ್ಳುತ್ತವೆ. ಪ್ಲೇಟು ಹೆಚ್ಚು ಕರಗಿ ಬೆರೆತರೆ ಗಡಿರೇಖೆಯಲ್ಲಿ ಮಾರ್ಟೆನ್ಸೈಟ್‌ನ ತೆಳು ಪಟ್ಟಿ ಮೂಡುತ್ತದೆ. ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಒರಟು ಕಣಗಳು ಸಂಕೇತವನ್ನು ಚೆದುರಿಸುತ್ತವೆ, ಕಾಂತೀಯ ಪುಡಿಯಿಂದ ಬಿರುಕು ತೋರಿಸುವ ಕಾಂತಕಣ ಪರೀಕ್ಷೆಯಲ್ಲಿ ಗಡಿರೇಖೆಯೇ ಬಿರುಕಿನಂತೆ ತೋರುತ್ತದೆ. ಇನ್ನೊಂದು ಸಂಗತಿಯನ್ನು ಹಲವರು ಮರೆಯುತ್ತಾರೆ: ಸವೆದ ಒಳಹಾಸನ್ನು ಮುಂದೊಮ್ಮೆ ಕಿತ್ತು ಬದಲಿಸುವಾಗ ಸ್ಟೇನ್‌ಲೆಸ್ ಬೀಡನ್ನು ಆಕ್ಸಿ-ಗ್ಯಾಸ್ ಜ್ವಾಲೆ ಕತ್ತರಿಸುವುದಿಲ್ಲ.

ಎಲೆಕ್ಟ್ರೋಡ್ ಮತ್ತು ಅನಿಲದ ವಿಷಯದಲ್ಲಿ ವಹಿಸಬೇಕಾದ ಎಚ್ಚರವೇನು?

ಬೇಸಿಕ್ (ಕಡಿಮೆ ಹೈಡ್ರೋಜನ್) ಲೇಪನದ ಎಲೆಕ್ಟ್ರೋಡ್‌ಗಳನ್ನು 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಬಳಸುವವರೆಗೆ 100 ಡಿಗ್ರಿಗಿಂತ ಮೇಲಿನ ಪೆಟ್ಟಿಗೆಯಲ್ಲಿಡಬೇಕು. ಒಣಗಿಸುವ ನಿಖರ ಅಂಕಿಯನ್ನು ಪೊಟ್ಟಣದ ಮೇಲೆ ನೋಡಿಕೊಳ್ಳಬೇಕು. ಮ್ಯಾಗ್ ವೆಲ್ಡಿಂಗಿನಲ್ಲಿ ಘನ ತಂತಿಯೇ ಹೈಡ್ರೋಜನ್ ದೃಷ್ಟಿಯಿಂದ ಸುರಕ್ಷಿತ. ಅದಕ್ಕೆ ಶೇಕಡಾ 15ರಿಂದ 25ರಷ್ಟು ಇಂಗಾಲದ ಡೈ ಆಕ್ಸೈಡ್ ಬೆರೆತ ಆರ್ಗಾನ್ ಸಾಕು. ಫ್ಲಕ್ಸ್ ತುಂಬಿದ ತಂತಿಯ ಸುರುಳಿಯನ್ನು ರಾತ್ರಿಯಿಡೀ ಯಂತ್ರದಲ್ಲೇ ತೆರೆದಿಡಬಾರದು.

ಜೋಡಣೆಯ ಅಡ್ಡಕೊಯ್ತದಲ್ಲಿ ಗಡಸುತನ ಹೇಗೆ ಬದಲಾಗುತ್ತದೆ?

400ರ ದರ್ಜೆಯ ಪ್ಲೇಟಿಗೆ ಮೃದು ಫಿಲ್ಲರ್ ಬಳಸಿದ ಜೋಡಣೆಯನ್ನು ಕತ್ತರಿಸಿ, ಹೊಳಪು ಮಾಡಿ, ಆಸಿಡ್‌ನಿಂದ ಮೇಲ್ಮೈ ಕೊರೆಸಿ (ಎಚ್ ಮಾಡಿ) ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಪಟ್ಟಿಗಳು ಕಾಣುತ್ತವೆ. ನಡುವೆ ಕಂಬದಂಥ ಕಣಗಳ ವೆಲ್ಡ್ ಲೋಹ, ಅದರ ಅಂಚಿಗೆ ಕಪ್ಪು ಛಾಯೆಯ ತೆಳು ಪಟ್ಟಿ, ಅದರಾಚೆ ಪ್ಲೇಟಿನ ಮೂಲ ಬಣ್ಣ. ಸಣ್ಣ ವಜ್ರದ ತುದಿಯ ವಿಕರ್ಸ್ ಗಡಸುತನ ಮಾಪಕದಿಂದ ಒಂದೇ ಗೆರೆಯಲ್ಲಿ ಗುರುತು ಒತ್ತುತ್ತ ಹೋದರೆ ವೆಲ್ಡ್ ಲೋಹದಲ್ಲಿ 200 ಮೀರಿದ ಅಂಕಿಗಳು ಸಿಗುತ್ತವೆ. ಕರಗಿದ ಗಡಿಯನ್ನು ದಾಟಿದೊಡನೆ ಅಂಕಿ ಥಟ್ಟನೆ ಏರುತ್ತದೆ: ಅಲ್ಲಿ ಲೋಹ 1100 ಡಿಗ್ರಿಗಿಂತ ಮೇಲೆ ಕಾದು, ಕಣಗಳು ದೊಡ್ಡದಾಗಿ, ಮತ್ತೆ ತಣಿದು ಮಾರ್ಟೆನ್ಸೈಟ್ ಅಥವಾ ತುಸು ನಿಧಾನವಾಗಿ ತಣಿದಾಗ ಮೂಡುವ ಬೈನೈಟ್ ಆಗಿರುತ್ತದೆ. ಅದರ ಪಕ್ಕದಲ್ಲಿ ಸಣ್ಣ ಕಣಗಳ ವಲಯವಿದೆ. ಅಲ್ಲಿಯೂ ಗಡಸುತನ ಹೆಚ್ಚೇ.

ಇದರ ನಂತರ ಇಳಿಜಾರು. ಸುಮಾರು 730ರಿಂದ 850 ಡಿಗ್ರಿಯವರೆಗೆ ಮಾತ್ರ ಕಾದ ಭಾಗದಲ್ಲಿ ಮಾರ್ಟೆನ್ಸೈಟ್‌ನ ಒಂದಂಶ ಮಾತ್ರ ಆಸ್ಟೆನೈಟ್ ಆಗಿ ಮತ್ತೆ ಬದಲಾಗುತ್ತದೆ, ಉಳಿದದ್ದು ಬರೀ ಬೆಂದು ಮೆತ್ತಗಾಗುತ್ತದೆ. ಅದಕ್ಕಿಂತ ಸ್ವಲ್ಪ ಹೊರಗೆ, 730ರ ಕೆಳಗೆ, ಇಡೀ ಮಾರ್ಟೆನ್ಸೈಟ್ ಹದಗೊಂಡು ಮೆತ್ತಗಾಗುತ್ತದೆ. ಈ ಎರಡರ ಗಡಿಯ ಸಮೀಪದಲ್ಲೇ ಸಾಮಾನ್ಯವಾಗಿ ಶಾಖಬಾಧಿತ ವಲಯದ ಅತಿ ಕಡಿಮೆ ಅಂಕಿ, 250ರಿಂದ 300 ವಿಕರ್ಸ್ ಆಸುಪಾಸಿನಲ್ಲಿ, ಸಿಗುತ್ತದೆ. ಅಲ್ಲಿಂದ ಮುಂದೆ ಪ್ಲೇಟಿನ ಮೂಲ ಗಡಸುತನ ನಿಧಾನವಾಗಿ ಹಿಂದಿರುಗುತ್ತದೆ. ಪಟ್ಟಿಯ ಅಗಲ ಶಾಖಪೂರಣಕ್ಕೆ ಅನುಗುಣವಾಗಿ ಕೆಲವು ಮಿಲಿಮೀಟರ್‌ಗಳಿಂದ ಹತ್ತು ಮಿಲಿಮೀಟರ್ ದಾಟುವವರೆಗೂ ಹೋಗಬಹುದು.

ಮಾಪಕದ ಆಯ್ಕೆಯೂ ಇಲ್ಲಿ ಮುಖ್ಯ. 10 ಮಿಮೀ ಗುಂಡು, 3000 ಕೆಜಿ ಭಾರದ ಬ್ರಿನೆಲ್ ಪರೀಕ್ಷೆ 400ರ ಪ್ಲೇಟಿನಲ್ಲಿ ಸುಮಾರು 3 ಮಿಮೀ ವ್ಯಾಸದ ಗುಳಿ ಮಾಡುತ್ತದೆ. ಅಷ್ಟರೊಳಗೆ ಎರಡು ವಲಯಗಳು ಅಡಗಿಹೋಗಬಹುದು. 10 ಕೆಜಿ ಭಾರದ ವಿಕರ್ಸ್ ಗುರುತು 0.2 ಮಿಮೀ ಚಿಲ್ಲರೆ ಮಾತ್ರ. ಪ್ಲೇಟಿನ ಸ್ವೀಕಾರಕ್ಕೆ ಬ್ರಿನೆಲ್, ಜೋಡಣೆಯ ಅಧ್ಯಯನಕ್ಕೆ ವಿಕರ್ಸ್ ಎಂದು ಇಟ್ಟುಕೊಳ್ಳಬೇಕು.

ಮೃದು ಪಟ್ಟಿ ಇದ್ದರೆ ಜೋಡಣೆಯ ಎಳೆತದ ಸಾಮರ್ಥ್ಯ ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತದೆಯೇ?

ಪಟ್ಟಿ ಕಿರಿದಾಗಿದ್ದರೆ ಅಷ್ಟು ಕುಸಿಯುವುದಿಲ್ಲ. ಎರಡು ಬದಿಯ ಗಡಸು ಲೋಹ ಮೃದು ಪಟ್ಟಿಯನ್ನು ಕುಗ್ಗಲು ಬಿಡದೆ ಹಿಡಿದುಕೊಳ್ಳುವುದರಿಂದ ಅದು ತನ್ನ ಗಡಸುತನ ಸೂಚಿಸುವುದಕ್ಕಿಂತ ಹೆಚ್ಚಿನ ಒತ್ತಡವನ್ನು ತಾಳುತ್ತದೆ. ಪ್ಲೇಟಿನ ದಪ್ಪಕ್ಕೆ ಹೋಲಿಸಿದರೆ ಪಟ್ಟಿ ಕಿರಿದಾದಷ್ಟೂ ಈ ನೆರವು ಹೆಚ್ಚು. ಆದ್ದರಿಂದಲೇ ತೆಳು ಪ್ಲೇಟಿಗೆ ಹೆಚ್ಚು ಶಾಖ ಕೊಟ್ಟಾಗ ನಷ್ಟ ಎದ್ದು ಕಾಣುತ್ತದೆ.

ಮೃದು ಫಿಲ್ಲರ್‌ನ ಬಟ್ (ಅಂಚಿಗೆ ಅಂಚು ಸೇರಿಸಿದ) ಜೋಡಣೆಯನ್ನು ಅಡ್ಡಲಾಗಿ ಎಳೆದರೆ ಅದು ಬಹುಪಾಲು ವೆಲ್ಡ್ ಲೋಹದಲ್ಲೇ ಹರಿಯುತ್ತದೆ. ಇದು ದೋಷವಲ್ಲ, ಆಯ್ಕೆಯ ಫಲ. ವಿನ್ಯಾಸಕಾರರು ಜೋಡಣೆಯ ಲೆಕ್ಕವನ್ನು ಫಿಲ್ಲರ್‌ನ ಸಾಮರ್ಥ್ಯದ ಮೇಲೆ ಹಾಕಿ, ಅಗತ್ಯವಿದ್ದರೆ ಫಿಲೆಟ್‌ನ (ಮೂಲೆ ತುಂಬುವ ವೆಲ್ಡ್‌ನ) ಗಾತ್ರ ಹೆಚ್ಚಿಸಬೇಕೇ ಹೊರತು ಪ್ಲೇಟಿನ 1250 ಮೆಗಾಪಾಸ್ಕಲನ್ನು ವೆಲ್ಡ್‌ನಿಂದ ನಿರೀಕ್ಷಿಸಬಾರದು.

ಆಘಾತ ತಾಳುವ ಗುಣ ಮತ್ತು ಲೋಹದ ದಣಿವಿನ ಬಗ್ಗೆ ಏನು ಹೇಳಬಹುದು?

ಕಚ್ಚು ಹಾಕಿದ ತುಂಡನ್ನು ಹೊಡೆದು ಮುರಿಯುವ ಚಾರ್ಪಿ ಪರೀಕ್ಷೆಯಲ್ಲಿ ಅತಿ ದುರ್ಬಲ ಜಾಗ ಬಹುತೇಕ ಕರಗಿದ ಗಡಿಯ ಪಕ್ಕದ ದೊಡ್ಡ ಕಣಗಳ ವಲಯ. ತಣಿಯುವ ಸಮಯ ಉದ್ದವಾದರೆ ಕಣಗಳು ಇನ್ನಷ್ಟು ಬೆಳೆದು, ಮಾರ್ಟೆನ್ಸೈಟ್‌ನ ಬದಲು ಒರಟು ಬೈನೈಟ್ ಮೂಡಿ ಆಘಾತ ಶಕ್ತಿ ಇಳಿಯುತ್ತದೆ. ಬಹುಪಾಸು ವೆಲ್ಡಿನಲ್ಲಿ ಮುಂದಿನ ಪಾಸು ಹಿಂದಿನದರ ಈ ವಲಯವನ್ನು ಮತ್ತೆ ಕಾಯಿಸಿ ಕಣಗಳನ್ನು ಸಣ್ಣದಾಗಿಸುವುದು ಒಂದು ಲಾಭ.

ದಣಿವಿನ (ಪದೇ ಪದೇ ಬೀಳುವ ಭಾರದಿಂದ ಬಿರುಕು ಬೆಳೆಯುವುದರ) ವಿಷಯದಲ್ಲಿ ಪ್ಲೇಟಿನ ಗಡಸುತನ ಲೆಕ್ಕಕ್ಕೆ ಬರುವುದಿಲ್ಲ. ವೆಲ್ಡ್ ಆದಮೇಲೆ ಆಯುಷ್ಯವನ್ನು ಟೋ ಬಳಿಯ ಆಕಾರ ಮತ್ತು ಉಳಿಕೆಯ ಒತ್ತಡ ನಿರ್ಧರಿಸುತ್ತವೆ, ಹಾಗಾಗಿ ವಿನ್ಯಾಸ ನಿಯಮಗಳು ಸಾಮಾನ್ಯ ಉಕ್ಕಿಗೂ ಅಧಿಕ ಸಾಮರ್ಥ್ಯದ ಉಕ್ಕಿಗೂ ಒಂದೇ ದಣಿವಿನ ದರ್ಜೆ ಕೊಡುತ್ತವೆ. ಗಟ್ಟಿ ಉಕ್ಕೆಂದು ದಪ್ಪ ಇಳಿಸಿದ ತೊಟ್ಟಿಯಲ್ಲಿ ಮೊದಲು ಸೀಳುವುದು ಪಕ್ಕೆಲುಬಿನ ವೆಲ್ಡ್‌ನ ತುದಿಗಳೇ. ಟೋವನ್ನು ಗ್ರೈಂಡ್ ಮಾಡಿ ನಯಗೊಳಿಸುವುದು, ಟಿಗ್ ಆರ್ಕ್‌ನಿಂದ ಮರುಕರಗಿಸುವುದು ಮತ್ತು ಬೀಡಿನ ಆರಂಭ, ಅಂತ್ಯಗಳನ್ನು ಮೂಲೆಯಿಂದ 50ರಿಂದ 100 ಮಿಮೀ ದೂರ ಇಡುವುದು ಸಹಾಯ ಮಾಡುತ್ತವೆ.

ಜೋಡಣೆ ಬೇಗ ಸವೆಯದಂತೆ ಎಲ್ಲಿ ಇಡಬೇಕು?

ವಸ್ತು ಅಪ್ಪಳಿಸುವ ಜಾಗದಿಂದ ದೂರ. ವೆಲ್ಡ್ ಸಾಲು ವಸ್ತುವಿನ ಹರಿವಿಗೆ ಸಮಾನಾಂತರವಾಗಿ ಉದ್ದಕ್ಕೂ ಇದ್ದರೆ ಮೃದು ಪಟ್ಟಿ ಕಾಲುವೆಯಂತೆ ಕೊರೆದುಹೋಗಿ ವಸ್ತು ಅದರಲ್ಲೇ ಹರಿಯತೊಡಗುತ್ತದೆ. ಸಾಲುಗಳನ್ನು ಒಂದಕ್ಕೊಂದು ಎದುರಾಗದಂತೆ ಜರುಗಿಸಿ ಹರಿವಿಗೆ ಅಡ್ಡಲಾಗಿ ಇಡುವುದು ಉತ್ತಮ. ಸಾಧ್ಯವಿದ್ದಲ್ಲಿ ಒಳಹಾಸನ್ನು ಹಿಂಬದಿಯಿಂದ ಬೋಲ್ಟ್ ಅಥವಾ ಸ್ಟಡ್‌ಗಳಲ್ಲಿ ಹಿಡಿಸಿ ಸವೆಯುವ ಮುಖವನ್ನು ವೆಲ್ಡ್‌ನಿಂದ ಮುಕ್ತವಾಗಿಡಬೇಕು.

ವೆಲ್ಡಿಂಗ್ ನಂತರ ಒತ್ತಡ ಶಮನದ ಉಪಚಾರ ಮಾಡಬಹುದೇ?

ಮಾಡಬಾರದು. ಅದಕ್ಕೆ ಬೇಕಾದ 550ರಿಂದ 600 ಡಿಗ್ರಿಯಲ್ಲಿ ಪ್ಲೇಟು ಸವೆತ ನಿರೋಧಕವಾಗಿ ಉಳಿಯುವುದಿಲ್ಲ. ಹೈಡ್ರೋಜನ್ ಹೊರಹೋಗಲೆಂದು ವೆಲ್ಡಾದ ಕೂಡಲೇ ಪಾಸುಗಳ ಮಿತಿಯೊಳಗಿನ ತಾಪದಲ್ಲಿ ಸ್ವಲ್ಪ ಹೊತ್ತು ಹಿಡಿದು, ನಿರೋಧಕ ಕಂಬಳಿ ಹೊದಿಸಿ ನಿಧಾನವಾಗಿ ತಣಿಸುವುದು ಬೇರೆ ವಿಷಯ; ಅದು ಉಪಯುಕ್ತ.

ಕತ್ತರಿಸುವಾಗ ಮತ್ತು ಗೌಜಿಂಗ್ ಮಾಡುವಾಗಲೂ (ಲೋಹವನ್ನು ಕೊರೆದು ತೆಗೆಯುವಾಗಲೂ) ಇದೇ ಎಚ್ಚರ ಬೇಕೇ?

ಬೇಕು. ಜ್ವಾಲೆಯಿಂದ ಕತ್ತರಿಸಿದ ಅಂಚಿನಲ್ಲೂ ಗಡಸು ಮತ್ತು ಮೃದು ಪಟ್ಟಿಗಳು ಉಂಟಾಗುತ್ತವೆ, ದಪ್ಪ ಪ್ಲೇಟಿನ ಅಂಚಿನಲ್ಲಿ ತಡವಾದ ಬಿರುಕೂ ಬರುತ್ತದೆ. ದಪ್ಪ ಹೆಚ್ಚಿದ್ದಾಗ ಪ್ರೀಹೀಟ್ ಮಾಡಿ ಅಥವಾ ವೇಗ ತಗ್ಗಿಸಿ ಕತ್ತರಿಸಬೇಕು. ಚಿಕ್ಕ ತುಂಡುಗಳಿಗೆ ವಾಟರ್‌ಜೆಟ್ ಅತ್ಯುತ್ತಮ, ಅದರಲ್ಲಿ ಶಾಖವೇ ಇಲ್ಲ. ಇಂಗಾಲದ ಕಡ್ಡಿಯ ಆರ್ಕ್ ಗೌಜಿಂಗ್ ಮೇಲ್ಮೈಗೆ ಇಂಗಾಲವನ್ನು ಸೇರಿಸುವುದರಿಂದ ವೆಲ್ಡ್ ಮಾಡುವ ಮೊದಲು ಹೊಳೆಯುವ ಲೋಹ ಕಾಣುವವರೆಗೆ ಗ್ರೈಂಡ್ ಮಾಡಬೇಕು. ಜೋಡಣೆಯ ಹೊರಗೆ ಆರ್ಕ್ ತಾಗಿಸಿದ ಗುರುತುಗಳನ್ನೂ ಹಾಗೆಯೇ ತೆಗೆಯಬೇಕು.

ಮ್ಯಾಂಗನೀಸ್ ಉಕ್ಕಿಗೂ ಇವೇ ನಿಯಮಗಳೇ?

ಬಹುಮಟ್ಟಿಗೆ ತದ್ವಿರುದ್ಧ. ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ, ಶೇಕಡಾ 11ರಿಂದ 14 ಮ್ಯಾಂಗನೀಸ್ ಮತ್ತು 1ಕ್ಕಿಂತ ಹೆಚ್ಚು ಇಂಗಾಲವುಳ್ಳ ಉಕ್ಕು ಆಸ್ಟೆನಿಟಿಕ್ ಆದುದು. ಪೆಟ್ಟು ಬಿದ್ದಾಗ ಅದರ ಮೇಲ್ಮೈ ಗಡಸಾಗುತ್ತದೆ. ಅದನ್ನು ಬಿಸಿಯಾಗಿ ಬಹಳ ಹೊತ್ತು ಇಟ್ಟರೆ ಕಣಗಳ ಅಂಚಿನಲ್ಲಿ ಕಾರ್ಬೈಡ್‌ಗಳು ಮೂಡಿ ಲೋಹ ಪೆಡಸಾಗುತ್ತದೆ. ಆದ್ದರಿಂದ ಅದಕ್ಕೆ ಪ್ರೀಹೀಟ್ ಕೂಡದು. ಸಣ್ಣ ಬೀಡುಗಳನ್ನು ಹಾಕಿ ಆಗಾಗ ತಣಿಯಲು ಬಿಡಬೇಕು. ಕ್ರಷರ್ ದುರಸ್ತಿಯಲ್ಲಿ ಎರಡೂ ಜಾತಿಯ ಉಕ್ಕು ಒಂದೆಡೆ ಸೇರುವುದುಂಟು. ಆಗ 307 ಅಥವಾ 309 ಫಿಲ್ಲರ್ ಬಳಸಿ, ಎರಡೂ ಬದಿಯನ್ನು ಆದಷ್ಟು ತಂಪಾಗಿ ಇಟ್ಟುಕೊಳ್ಳಬೇಕು. ಯಾವ ತುಂಡು ಯಾವುದೆಂದು ಗೊತ್ತಾಗದಿದ್ದರೆ ಅಯಸ್ಕಾಂತ ಹಿಡಿದು ನೋಡಬಹುದು: ಮ್ಯಾಂಗನೀಸ್ ಉಕ್ಕಿಗೆ ಅದು ಅಂಟುವುದಿಲ್ಲ.

ತಪಾಸಣೆ ಯಾವಾಗ, ಹೇಗೆ ನಡೆಸಬೇಕು?

ಕಣ್ಣಳತೆಯ ತಪಾಸಣೆ ಕೂಡಲೇ ಆಗಬಹುದು. ಬಿರುಕು ಹುಡುಕುವ ಅಂತಿಮ ಪರೀಕ್ಷೆಗೆ ವೆಲ್ಡ್ ತಣಿದ ಮೇಲೆ 48 ಗಂಟೆ ಕಾಯುವುದು ಒಳ್ಳೆಯ ಅಭ್ಯಾಸ. ಮೇಲ್ಮೈ ಬಿರುಕುಗಳಿಗೆ ಕಾಂತಕಣ ಪರೀಕ್ಷೆ, ಸ್ಟೇನ್‌ಲೆಸ್ ಬೀಡುಗಳಿಗೆ ಬಣ್ಣದ ದ್ರವ ಇಳಿಸುವ ಪರೀಕ್ಷೆ, ಒಳಗಿನ ಬಿರುಕುಗಳಿಗೆ ಅಲ್ಟ್ರಾಸಾನಿಕ್ ಪರೀಕ್ಷೆ ಹೊಂದುತ್ತವೆ. ಬಿರುಕು ಸಿಕ್ಕಿದರೆ ಅದರ ಮೇಲೆ ಇನ್ನೊಂದು ಬೀಡು ಎಳೆದು ಮುಚ್ಚಬಾರದು. ಪ್ರೀಹೀಟ್ ಮಾಡಿ, ಬಿರುಕಿನ ಎರಡೂ ತುದಿಗಳಾಚೆಯವರೆಗೆ ಲೋಹವನ್ನು ತೆಗೆದು, ಬಿರುಕು ಪೂರ್ತಿ ಹೋಗಿದೆಯೆಂದು ಮತ್ತೆ ಪರೀಕ್ಷಿಸಿದ ನಂತರವೇ ತುಂಬಬೇಕು. ದುರಸ್ತಿಯ ಜಾಗ ಎಲ್ಲ ಕಡೆಯಿಂದಲೂ ಬಿಗಿಯಲ್ಪಟ್ಟಿರುವುದರಿಂದ ಮೊದಲ ಬಾರಿಗಿಂತ ಸ್ವಲ್ಪ ಹೆಚ್ಚಿನ ಪ್ರೀಹೀಟ್ ಇಟ್ಟುಕೊಂಡು, ಮತ್ತೆ 48 ಗಂಟೆಗಳ ನಂತರ ಅದೇ ಪರೀಕ್ಷೆಯನ್ನು ಪುನಃ ಮಾಡಬೇಕು.